ಎಲ್‌ಪಿ ಕೊನೆಯಲ್ಲಿ ಕರಕರ: ನಾನು ಸರಿಮಾಡಿದ್ದು ಹೀಗೆ

ಎಲ್‌ಪಿ (ಗ್ರಾಮಫೋನ್ ಪ್ಲೇಟು) ಹಾಕಿದಾಗ, ಮುಳ್ಳು ನಡುವಿನ ಲೇಬಲ್ ಹತ್ತಿರ ಬಂದಂತೆ ಪಿಟೀಲುಗಳು ಕರಕರ ಎನ್ನುತ್ತಿದ್ದವು. ಬೀಥೋವನ್‌ನ 5ನೇ ಸಿಂಫನಿಯಲ್ಲಂತೂ ಜಾಸ್ತಿ. ಅಬ್ಬರವೆಲ್ಲ ಕೊನೆಗೇ ತಾನೇ! ಜಾಸ್‌ ಪ್ಲೇಟುಗಳಲ್ಲಿ ಟ್ರಂಪೆಟ್‌ಗೂ ಅದೇ ಗತಿ.

ತೊಳೆದರೂ ಹೋಗಲಿಲ್ಲ. ಪ್ಲೇಟು ಉದ್ದಕ್ಕೂ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಆದರೆ ಹೊರಗಿನ ಗೆರೆ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡಿದರೆ, ಒಳಗಿನದು 21 ಅಷ್ಟೇ. ಅಷ್ಟರಲ್ಲೇ ಸಂಗೀತವೆಲ್ಲ ಒತ್ತಿ ಕೂತಿರುತ್ತದೆ. ಕಾರ್ಟ್ರಿಜ್ (ಮುಳ್ಳನ್ನು ಹಿಡಿದಿರುವ ಪುಟ್ಟ ಭಾಗ) ಚೂರು ಓರೆಯಾದರೂ ಅಲ್ಲೇ ಮೊದಲು ಕೇಳುತ್ತದೆ.

ಅದನ್ನು ನೇರ ಕೂರಿಸಲು ಬೇರ್ವಾಲ್ಡ್ ಪ್ರೊಟ್ರಾಕ್ಟರ್ (ಚುಕ್ಕೆ, ಗೆರೆಗಳಿರುವ ಅಳತೆ ಹಾಳೆ) ಪ್ರಿಂಟ್ ತೆಗೆದೆ. ಅಳತೆ ಕುಗ್ಗದಂತೆ ನೋಡಿಕೊಳ್ಳಿ, ಸ್ಕೇಲ್ ಇಟ್ಟು ಪರೀಕ್ಷಿಸಿ. ನಡುವಿನ ಕಡ್ಡಿಯಿಂದ 66 ಮತ್ತು 120.9 ಮಿ.ಮೀ. ದೂರದ ಎರಡೂ ಚುಕ್ಕೆಗಳಲ್ಲಿ ಕಾರ್ಟ್ರಿಜ್ ಹಾಳೆಯ ಗೆರೆಗೆ ನೇರ ಕೂರಬೇಕು. ಸ್ಕ್ರೂ ಸಡಿಲಿಸಿ ಹಿಂದೆ ಮುಂದೆ ಜರುಗಿಸುವ ಈ ಕೆಲಸ ತಾಳ್ಮೆ ಬೇಡುತ್ತದೆ. ಒಂದು ಚುಕ್ಕೆ ಸರಿಹೋದರೆ ಇನ್ನೊಂದು ತಪ್ಪುತ್ತದೆ!

ಆಮೇಲೆ ಮುಳ್ಳು ಪ್ಲೇಟನ್ನು ಒತ್ತುವ ಭಾರ. ತಯಾರಕರು ಹೇಳಿದಂತೆ 2 ಗ್ರಾಂ ಇಟ್ಟೆ. ಭಾರ ಕಡಿಮೆಯಾದರೆ ಪ್ಲೇಟು ಬಾಳುತ್ತದೆ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ತೀರಾ ಹಗುರವಾದರೆ ಮುಳ್ಳು ಕುಣಿದು ಗೆರೆಯನ್ನೇ ಕೆಡಿಸುತ್ತದೆ.

ಈಗ ಕರಕರ ಬಹುತೇಕ ಹೋಗಿದೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡ ಒಂದೆರಡು ಪ್ಲೇಟುಗಳಲ್ಲಿ ಮಾತ್ರ ಉಳಿದಿದೆ. ಅವುಗಳ ಗೆರೆಯೇ ಸವೆದಿದೆ, ಅದಕ್ಕೆ ಮದ್ದಿಲ್ಲ.