ದಣಿದ ಕಾಲಲ್ಲಿ ಭಾನುವಾರದ ಲಾಂಗ್ ರನ್

ಫುಲ್ ಮ್ಯಾರಥಾನ್ ಅಂದ್ರೆ 42.195 ಕಿ.ಮೀ. ಅದಕ್ಕೆ ತಯಾರಾಗುವಾಗ ನನ್ನನ್ನು ಕಾಡಿದ್ದು ದೂರ ಅಲ್ಲ. ಶನಿವಾರ 8 ಕಿ.ಮೀ. ಟೆಂಪೋ (ಒಂದೇ ಸಮನೆ ಸ್ವಲ್ಪ ಜೋರಾಗಿ ಓಡುವುದು) ಓಡಿ, ಆ ಸುಸ್ತು ಇಳಿಯುವ ಮೊದಲೇ ಭಾನುವಾರ ಬೆಳಿಗ್ಗೆ 5 ಗಂಟೆಗೆ 26 ಕಿ.ಮೀ.ಗೆ ಹೊರಡಬೇಕಿತ್ತಲ್ಲ, ಅದು. ಮೊದಲೆರಡು ಭಾನುವಾರ ವಾಚ್ ನೋಡಿಕೊಂಡು ಕಿಲೋಮೀಟರಿಗೆ 6 ನಿಮಿಷ ಅಂತ ಹಟ ಹಿಡಿದೆ. ಎರಡು ಸಲವೂ 19ನೇ ಕಿ.ಮೀ. ಹೊತ್ತಿಗೆ ತೊಡೆ ಕಲ್ಲಿನ ಹಾಗಾಯಿತು. ನಡೆದುಕೊಂಡೇ ಮನೆ ಸೇರಿದೆ.

ನಿನ್ನೆಯ ಓಟ ಸ್ನಾಯುವಿನಲ್ಲಿದ್ದ ಗ್ಲೈಕೋಜನ್ ಅನ್ನೋ ಶಕ್ತಿಯ ದಾಸ್ತಾನನ್ನು ಒಂದಷ್ಟು ಖರ್ಚು ಮಾಡಿರುತ್ತದೆ. ಜೊತೆಗೆ ಸ್ನಾಯುಗಳಿಗೆ ಪೆಟ್ಟೂ ಬಿದ್ದಿರುತ್ತದೆ. ಅಂಥ ಕಾಲಿನ ಹತ್ತಿರ ತಾಜಾ ಕಾಲಿನ ಪೇಸ್ (ಓಟದ ವೇಗ) ಕೇಳಿದರೆ ಅದು ಎಲ್ಲಿಂದ ತಂದುಕೊಡಬೇಕು?

ಮೂರನೇ ಭಾನುವಾರ ವಾಚಿನ ಮೇಲೆ ತೋಳು ಎಳೆದುಕೊಂಡೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಹೊರಟು, ಮೊದಲ 5 ಕಿ.ಮೀ. ಜೊತೆಗಿದ್ದ ಗೆಳೆಯನ ಹತ್ತಿರ ಮನೆ ಸುದ್ದಿ ಮಾತಾಡುತ್ತಾ ಹೋದೆ. ಒಂದು ವಾಕ್ಯ ಪೂರ್ತಿ ಹೇಳೋಕೆ ಮಧ್ಯದಲ್ಲಿ ಉಸಿರೆಳೆದುಕೊಳ್ಳಬೇಕಾಗಿ ಬಂದರೆ ತಕ್ಷಣ ನಿಧಾನ ಮಾಡುವುದು, ಅಷ್ಟೇ ಲೆಕ್ಕ. ಎದೆಬಡಿತದ ಅಂಕಿಯನ್ನೇ ನಂಬಿ ಕೂರಲೂ ಆಗಲ್ಲ. ಬಿಸಿಲೇರಿ ಬೆವರು ಹೋದಷ್ಟೂ ರಕ್ತದ ಪ್ರಮಾಣ ಇಳಿದು, ಅದೇ ಪೇಸ್‌ಗೆ ಹೃದಯ ಜಾಸ್ತಿ ಸಲ ಬಡಿಯುತ್ತದೆ. ಮೊದಲ ಗಂಟೆಯಲ್ಲಿ 138 ಇದ್ದದ್ದು ನನಗೆ ಕೊನೆಯಲ್ಲಿ 152 ಆಗಿತ್ತು. ವಾರವಿಡೀ ಜೋರಾಗಿ ಓಡಿದ್ದರೆ ಇದಕ್ಕೆ ಉಲ್ಟಾನೂ ಆಗುತ್ತದೆ, ಕಾಲು ಸೋತರೂ ಬಡಿತ ಏರುವುದೇ ಇಲ್ಲ. ಅದಕ್ಕೇ ನಾನು ಉಸಿರನ್ನೇ ಗಮನಿಸಿಕೊಂಡು ಓಡುವುದು.

ಇನ್ನೊಂದು, ಹೆಜ್ಜೆ. ಅರ್ಧ ನಿಮಿಷ ಬರೀ ಬಲಗಾಲು ಎಷ್ಟು ಸಲ ನೆಲಕ್ಕೆ ಬಿತ್ತು ಅಂತ ಎಣಿಸುತ್ತೇನೆ. ತಾಜಾ ಇದ್ದಾಗ 42, ಸುಸ್ತಾದಾಗ 39. ಪೇಸ್ ಉಳಿಸಿಕೊಳ್ಳೋಕೆ ಗೊತ್ತಿಲ್ಲದೇ ಕಾಲು ಮುಂದಕ್ಕೆ ಚಾಚುತ್ತಿದ್ದೆ. ಹಿಮ್ಮಡಿ ಮೈಗಿಂತ ಮುಂದೆ ಬಿದ್ದರೆ ಪ್ರತಿ ಹೆಜ್ಜೆಗೂ ಬ್ರೇಕ್ ಹಾಕಿದ ಹಾಗೆ ಅಲ್ವಾ! ಹೆಜ್ಜೆ ಚಿಕ್ಕದು ಮಾಡಿ, ಪಾದ ಸೊಂಟದ ಕೆಳಗೇ ಬೀಳುವಂತೆ ನೋಡಿಕೊಂಡೆ, ಭುಜ ಸಡಿಲ ಬಿಟ್ಟೆ. ಚಾಮುಂಡಿ ಬೆಟ್ಟದ ಏರಿನಲ್ಲಂತೂ ಪೇಸ್ ಪೂರ್ತಿ ಬಿಟ್ಟುಬಿಡುತ್ತೇನೆ, ಉಸಿರು ಮಾತ್ರ ಸಮತಟ್ಟಿನಲ್ಲಿದ್ದಂತೆಯೇ ಇರಬೇಕು.

ಆ ದಿನ 26 ಕಿ.ಮೀ. ನಿಲ್ಲದೆ ಮುಗಿಯಿತು. ಸರಾಸರಿ ಕಿಲೋಮೀಟರಿಗೆ 6 ನಿಮಿಷ 40 ಸೆಕೆಂಡು (6:40). ಕೊನೆಯ 3 ಕಿ.ಮೀ. ಒತ್ತಾಯ ಮಾಡದೆಯೇ 6:15ಕ್ಕೆ ಬಂತು, ಅದನ್ನು ನೋಡಿ ಎಷ್ಟು ಖುಷಿಯಾಯಿತು ಅಂದ್ರೆ ಮನೆಗೆ ಬಂದು ಮೊದಲು ಅದನ್ನೇ ಹೇಳಿದೆ.

ಹಾಗಂತ ಎಲ್ಲ ಸುಸ್ತಿನಲ್ಲೂ ಓಡುವುದಿಲ್ಲ. ಬೆಳಿಗ್ಗೆ ಏಳುವಾಗ ನನ್ನ ನಾಡಿ 54ರ ಆಸುಪಾಸು. 60 ದಾಟಿ, ರಾತ್ರಿ ನಿದ್ದೆಯೂ ಕೆಟ್ಟಿದ್ದರೆ ಅವತ್ತಿನ ಟೆಂಪೋ ಬಿಟ್ಟುಬಿಡುತ್ತೇನೆ. ಒಮ್ಮೆ 11ನೇ ಕಿ.ಮೀ.ನಲ್ಲಿ ಮೊಣಕಾಲ ಪಕ್ಕ ಚುಚ್ಚಿ ಕುಂಟುವಂತಾಯಿತು. ಅಲ್ಲೇ ಆಟೋ ಹತ್ತಿದೆ. ಬುಧವಾರ ಮತ್ತೆ ಓಡಲು ಆಯಿತು.