ಒಂದೇ ಕೆಲಸಕ್ಕೆ ಮೂರು ಫಂಕ್ಷನ್

ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅಂಗಡಿಯೊಂದರ ಬಿಲ್ಲಿಂಗ್ ತಂತ್ರಾಂಶ ಬರೆಯುತ್ತಿದ್ದಾಗ ನನಗೆ ಬೇಕಿದ್ದದ್ದು ತೀರ ಸಣ್ಣ ಸಂಗತಿ: ಪಟ್ಟಿ ಕೊಟ್ಟರೆ ಅದರಲ್ಲಿನ ಅತಿ ದೊಡ್ಡದನ್ನು ಹುಡುಕಿಕೊಡುವ ಫಂಕ್ಷನ್. ಎಣಿಕೆಗೆ ಇಂಟ್ ಎಂಬ ಪೂರ್ಣಾಂಕ, ತೂಕಕ್ಕೆ ಫ್ಲೋಟ್64 ಎಂಬ ದಶಮಾಂಶ ಸಂಖ್ಯೆ, ದಿನಾಂಕಕ್ಕೆ ಸ್ಟ್ರಿಂಗ್ ಎಂಬ ಅಕ್ಷರಗಳ ಸಾಲು (ಅದು ಬೇರೆಯೇ ತಪ್ಪು). ಟೈಪ್, ಅಂದರೆ ಮಾಹಿತಿಯ ಬಗೆ, ಮೂರು; ಹಾಗಾಗಿ ಫಂಕ್ಷನ್ ಮೂರು. ಖಾಲಿ ಪಟ್ಟಿ ಬಂದರೆ ಪ್ರೋಗ್ರಾಂ ಬೀಳುತ್ತದೆಂದು ಗೊತ್ತಾದಾಗ ಎರಡನ್ನು ಸರಿಪಡಿಸಿ ಮೂರನೆಯದನ್ನು ಮರೆತೆ.

ಮರೆವಿಗೆ ಮದ್ದೆಂದು, ಒಂದೇ ಫಂಕ್ಷನ್ ಎಲ್ಲಕ್ಕೂ ಆಗಲೆಂದು, ಯಾವ ಷರತ್ತೂ ಇಲ್ಲದ ಟೈಪಾದ ಖಾಲಿ ಇಂಟರ್‌ಫೇಸ್ ಹಿಡಿದೆ. ಅದು ಧರ್ಮಛತ್ರ, ಯಾರು ಬಂದರೂ ಒಳಗೆ ಬಿಡುತ್ತದೆ. ಹೊರಬಂದ ಉತ್ತರ ಯಾವ ಟೈಪಿನದೆಂದು ನಾವೇ ಹೇಳಬೇಕು. ಇಂಟ್64 (ಅದೂ ಪೂರ್ಣಾಂಕವೇ, ಆದರೆ ಗೋ ಲೆಕ್ಕದಲ್ಲಿ ಬೇರೆ ಟೈಪ್) ಬಂದ ಕಡೆ ನಾನು ಇಂಟ್ ಎಂದು ಕೇಳಿದ್ದೆ. ಓಡುವ ಮೊದಲೇ ಕೋಡನ್ನು ಪರೀಕ್ಷಿಸಿ ಯಂತ್ರಕ್ಕೆ ತಿರುಗಿಸಿಕೊಡುವ ಕಂಪೈಲರ್ ತುಟಿಪಿಟಕ್ಕೆನ್ನಲಿಲ್ಲ. ತಿಂಗಳ ಕೊನೆಯ ಲೆಕ್ಕದ ಹೊತ್ತಿಗೆ ಪ್ರೋಗ್ರಾಂ ಪ್ಯಾನಿಕ್ ಆಗಿ, ಅಂದರೆ ಓಡುತ್ತಿರುವಾಗಲೇ ದೋಷಕ್ಕೆ ಸಿಕ್ಕಿ, ನಿಂತಿತು.

2022ರ ಮಾರ್ಚ್‌ನಲ್ಲಿ ಬಂದ ಗೋದ 1.18ನೇ ಆವೃತ್ತಿ ಟೈಪ್ ಪ್ಯಾರಾಮೀಟರ್ ತಂದಿತು: ಟೈಪಿನ ಜಾಗ ಖಾಲಿ ಬಿಟ್ಟು ಫಂಕ್ಷನ್ ಬರೆದು, ಬಳಸುವಾಗ ಅದನ್ನು ತುಂಬುವ ಸೌಲಭ್ಯ. ಫಂಕ್ಷನ್ ಹೆಸರಿನ ಪಕ್ಕ ಚೌಕ ಕಂಸದಲ್ಲಿ ‘ಟಿ’ ಎಂದು ಬರೆದು, ಅದು ಇಂಟ್, ಇಂಟ್64, ಫ್ಲೋಟ್64, ಸ್ಟ್ರಿಂಗ್ ಇಷ್ಟರಲ್ಲಿ ಒಂದಾಗಿರಬೇಕೆಂದು ಕಟ್ಟಳೆ ಹಾಕಿದೆ. ಖಾಲಿ ಪಟ್ಟಿಗೆ ಸೊನ್ನೆ ಹಿಂದಿರುಗಿಸೋಣವೆಂದರೆ ಟಿ ಸ್ಟ್ರಿಂಗೂ ಆಗಿರಬಹುದಲ್ಲ! ಟಿ ಟೈಪಿನ ವೇರಿಯಬಲ್ ಘೋಷಿಸಿ, ಅದಕ್ಕೆ ಏನನ್ನೂ ತುಂಬದೆ ಹಾಗೆಯೇ ಹಿಂದಿರುಗಿಸಿದೆ (ಆಗ ಗೋ ಆ ಟೈಪಿಗೆ ತಕ್ಕ ಖಾಲಿ ಬೆಲೆಯನ್ನು ತಾನೇ ಇಡುತ್ತದೆ); ಜೊತೆಗೆ ಉತ್ತರ ಸಿಕ್ಕಿತೋ ಇಲ್ಲವೋ ಎಂದು ತಿಳಿಸುವ ಬೂಲಿಯನ್, ಅಂದರೆ ಹೌದು-ಇಲ್ಲ ಬೆಲೆ. ಹಳೆಯ ಮೂರನ್ನೂ ಅಳಿಸಿದೆ.

ಆ ಸುಖ ಸಂಜೆಯವರೆಗೂ ಉಳಿಯಲಿಲ್ಲ. ಹಣವನ್ನು ಫ್ಲೋಟ್‌ನಲ್ಲಿ ಇಡಬಾರದೆಂದು ಇಂಟ್64ರ ಮೇಲೆ ‘ಪೈಸೆ’ ಎಂಬ ನನ್ನದೇ ಟೈಪ್ ಕಟ್ಟಿದ್ದೆ. ಅದನ್ನು ಕೊಟ್ಟರೆ ಕಂಪೈಲರ್ ಒಪ್ಪಲೊಲ್ಲದು. ಒಂದು ಗಂಟೆ ತಿಣುಕಾಡಿದ ಮೇಲೆ ದೋಷದ ಸಾಲನ್ನು ಕೊನೆಯವರೆಗೆ ಓದಿದೆ: ಇಂಟ್64ರ ಮುಂದಿನ ಟಿಲ್ಡ (~) ಬಿಟ್ಟುಹೋಗಿರಬಹುದು ಎಂದು ಅದರಲ್ಲೇ ಬರೆದಿತ್ತು. ಆ ಅಲೆಗೆರೆ ಇಲ್ಲದಿದ್ದರೆ ಇಂಟ್64 ಒಂದಕ್ಕೇ ಪ್ರವೇಶ. ಇದ್ದರೆ ಅದನ್ನು ಬುನಾದಿ ಮಾಡಿಕೊಂಡ ಟೈಪುಗಳಿಗೆಲ್ಲ.

ಈಗ 1.21ನೇ ಆವೃತ್ತಿಯಿಂದ ಗೋ ಜೊತೆಗೇ ಬರುವ ಸ್ಲೈಸಸ್ ಪ್ಯಾಕೇಜಿನಲ್ಲೇ ಅತಿ ದೊಡ್ಡದನ್ನು ಹುಡುಕುವ ಮ್ಯಾಕ್ಸ್ ಸಿದ್ಧವಾಗಿದೆ. ಆದರೆ ಖಾಲಿ ಪಟ್ಟಿ ಕೊಟ್ಟರೆ ಅದೂ ಪ್ಯಾನಿಕ್ ಆಗುತ್ತದೆ, ಆದ್ದರಿಂದ ನನ್ನದನ್ನು ಬಿಟ್ಟಿಲ್ಲ.

ಈ ಹುರುಪಿನಲ್ಲಿ ರಿಯಾಯಿತಿ ಲೆಕ್ಕಕ್ಕೂ ಟೈಪ್ ಪ್ಯಾರಾಮೀಟರ್ ತುರುಕಿ ನೋಡಿದೆ. ಅಕ್ಕಿಗೆ ಒಂದು ನಿಯಮ, ಸಾಬೂನಿಗೆ ಇನ್ನೊಂದು. ಒಳಗಿನ ಕೆಲಸವೇ ಬೇರೆಯಾಗಿರುವಾಗ ಹೊರಗಿನ ಹೊದಿಕೆ ಒಂದಾಗಿ ಏನು ಬಂತು? ಮರುದಿನವೇ ಕಿತ್ತುಹಾಕಿ, ರಿಯಾಯಿತಿ ಎಂಬ ಒಂದೇ ಮೆಥಡ್ (ಟೈಪಿಗೆ ಅಂಟಿಕೊಂಡ ಫಂಕ್ಷನ್) ಇರುವ ಇಂಟರ್‌ಫೇಸ್ ಬರೆದೆ; ಒಳಗಿನ ನಿಯಮ ಆಯಾ ಸರಕಿನದೇ.