ಭಾಷಣವಿಲ್ಲದ ನುಡಿನಮನ

ದೊಡ್ಡ ಕಲಾವಿದರು ತೀರಿಕೊಂಡರೆ ಊರೂರಲ್ಲಿ ನುಡಿನಮನ ನಡೆಯುತ್ತದೆ. ಫೋಟೋಕ್ಕೆ ಹಾರ, ಒಂದು ನಿಮಿಷ ಮೌನ, ಆಮೇಲೆ ವೇದಿಕೆ ಮೇಲಿನವರು ಒಬ್ಬೊಬ್ಬರಾಗಿ ‘ನಾನು ಮತ್ತು ಅವರು’ ಎಂದು ಶುರುಮಾಡುತ್ತಾರೆ. ಹೊಸನಗರ ಕಡೆಯ ನಮ್ಮೂರ ಸಮುದಾಯ ಭವನದಲ್ಲಿ ನಾವು ಗೆಳೆಯರು ಇದನ್ನು ಬೇರೆ ಥರ ಮಾಡುತ್ತ ಬಂದಿದ್ದೇವೆ. ಹೋದವರ ಕಲೆಯನ್ನೇ ಇಡಿಯಾಗಿ ಕೇಳಿಸಬೇಕು, ತೋರಿಸಬೇಕು. ಮಾತಾಡುವುದಿದ್ದರೆ ಅವರನ್ನು ಕೇಳಿದ, ಕಂಡ ಜನ ಮಾತಾಡಲಿ.

ಮೊದಲು ಮಾಡಿದ್ದು ಕಾಳಿಂಗ ನಾವಡರದ್ದು. ಯಕ್ಷಗಾನದಲ್ಲಿ ಪದ್ಯ ಹಾಡುವ, ಗುಂಡ್ಮಿಯ ಈ ಭಾಗವತರು 1990ರ ಮೇ 27ರಂದು ರಸ್ತೆ ಅಪಘಾತದಲ್ಲಿ ಹೋದಾಗ ಅವರಿಗೆ ಮೂವತ್ತೆರಡೂ ತುಂಬಿರಲಿಲ್ಲ. ಅಂಗಡಿಯಲ್ಲಿ ಮಾರಿದ ಅವರ ಕ್ಯಾಸೆಟ್ಟಿನ ಪದ್ಯಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ನಮಗೆ ಬೇಕಾಗಿದ್ದು, ಸಾಲಿಗ್ರಾಮ ಮೇಳದ ಟೆಂಟಿನಲ್ಲಿ ಮುಂದೆ ಕೂತು ಜನರೇ ಟೇಪ್ ರೆಕಾರ್ಡರಿನಲ್ಲಿ ಹಿಡಿದದ್ದು. ಅದಕ್ಕಾಗಿ ಮನೆ ಮನೆ ತಿರುಗಿದೆವು.

ನಮ್ಮ ಮಳೆಗೆ ಕ್ಯಾಸೆಟ್ಟು ಉಳಿಯುವುದು ಕಷ್ಟ. ಗೋಡೆಯ ಗೂಡಿನಲ್ಲಿದ್ದವಕ್ಕೆ ಬೂಷ್ಟು ಹಿಡಿದಿತ್ತು. ಒಲೆಯ ಮೇಲಿನ ಅಟ್ಟದಲ್ಲಿದ್ದವು ಹೊಗೆಗೆ ಕಪ್ಪಾಗಿದ್ದರೂ ಒಳಗೆ ರೀಲು ಚೆನ್ನಾಗಿತ್ತು. ಬೂಷ್ಟು ಹಿಡಿದದ್ದನ್ನು ಹಾಗೇ ಪ್ಲೇಯರಿಗೆ ಹಾಕಬಾರದು. ಅದು ಪ್ಲೇಯರಿನಲ್ಲಿ ರೀಲು ಓದುವ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ, ರೀಲು ಒಂದಕ್ಕೊಂದು ಹಿಡಿದಿದ್ದರೆ ಹರಿದೇ ಹೋಗುತ್ತದೆ. ನಾವು ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕೆಲವು ದಿನ ಇಟ್ಟು, ಸ್ಕ್ರೂ ಬಿಚ್ಚಿ, ಒಣಗಿದ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತ ರೀಲನ್ನು ಬೇರೆ ಕೇಸಿಗೆ ಕೈಯಲ್ಲೇ ಸುತ್ತಿದೆವು. ಆಮೇಲೆ ಒಂದು ಸಲ ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ತಂದು, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ಡು ಒರೆಸಿ, ಡೆಕ್ಕಿನ ಲೈನ್ ಔಟ್‌ನಿಂದ ಕಂಪ್ಯೂಟರಿಗೆ ಇಳಿಸಿಕೊಂಡೆವು. ಅದಕ್ಕೆ ಆಡಾಸಿಟಿ ಎಂಬ ಸಾಫ್ಟ್‌ವೇರ್ ಸಾಕು, ಅದು ಉಚಿತ. ವೇವ್ ಫೈಲಾಗಿಯೇ ಇಟ್ಟುಕೊಳ್ಳಿ. ಗೊರಗೊರ ಸದ್ದು ತೆಗೆಯಲು ಹೋದರೆ ಚಂಡೆಯ ಪೆಟ್ಟೂ ಮೊಂಡಾಗುತ್ತದೆ. ಸಭೆಯ ಕೆಮ್ಮು, ಮಗುವಿನ ಅಳು ಎಲ್ಲ ಹಾಗೇ ಇರಲಿ ಎಂದೇ ನನ್ನ ಹಟ, ಯಾಕೆಂದರೆ ಆ ರಾತ್ರಿಯಲ್ಲಿ ಅವೂ ಇದ್ದವು.

ಸಿ-90 ಕ್ಯಾಸೆಟ್ಟಿನ ಒಂದು ಮಗ್ಗುಲು 45 ನಿಮಿಷ. ಪದ್ಯ ಏರುತ್ತಿರುವಾಗಲೇ ರೀಲು ಮುಗಿಯುತ್ತದೆ, ಮಗುಚಿ ಹಾಕುವಷ್ಟರಲ್ಲಿ ವೇಷದವರ ಅರ್ಥ, ಅಂದರೆ ಮಾತು, ಶುರುವಾಗಿರುತ್ತದೆ. ಆ ಜಾಗವನ್ನು ನಾವು ಮುಚ್ಚಲಿಲ್ಲ. ಭವನದಲ್ಲಿ ಹಾಕಿದಾಗ ಪದ್ಯ ತುಂಡಾಯಿತು, ಹಿಂದಿನ ಸಾಲಿನಿಂದ ಒಬ್ಬರು ಅಮ್ಮ ಉಳಿದ ಸಾಲುಗಳನ್ನು ಹೇಳಿ ಮುಗಿಸಿದರು. ‘ಅಡಿಕೆ ಸುಲಿಯುವಾಗ ದಿನಾ ರಾತ್ರಿ ಇದನ್ನೇ ಹಾಕ್ತಿದ್ರು. ಇಲ್ಲಿಗೆ ನಿಲ್ತದೆ ಅಂತ ಎಲ್ಲರಿಗೂ ಗೊತ್ತು. ಪ್ರಸಂಗದ ಪುಸ್ತಕ ಮನೇಲಿತ್ತಲ, ಮುಂದಿನದ್ದು ನಾವೇ ಹೇಳ್ಕೊಳ್ತಿದ್ವಿ’ ಎಂದರು. ನಾವಡರ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ನಾನು ಯಾವ ವೇದಿಕೆಯಲ್ಲೂ ಕೇಳಿಲ್ಲ.

ಅದೇ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಶಂಕರ್ ನಾಗ್ ಹೋದರು. ಅವರಿಗೆ ‘ಮಾಲ್ಗುಡಿ ಡೇಸ್’ನ ಒಂದು ಕಂತನ್ನು ಪೂರ್ತಿ ತೋರಿಸಿ, ಆಗುಂಬೆ, ಅರಸಾಳು ಕಡೆ ಶೂಟಿಂಗ್ ನೋಡಿದ್ದವರನ್ನು ಕರೆದೆವು. ಅರಸಾಳಿನ ಹಳೇ ಸ್ಟೇಷನ್ನು ಈಗ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಇಂಥವರ ಹತ್ತಿರ ‘ಶಂಕರಣ್ಣ ಹೇಗಿದ್ರು?’ ಎಂದು ಕೇಳಬೇಡಿ. ‘ಬಹಳ ಸರಳ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ‘ನೀವು ಎಲ್ಲಿ ನಿಂತಿದ್ರಿ, ಕ್ಯಾಮೆರಾ ಯಾವ ಕಡೆ ಇತ್ತು, ಊಟಕ್ಕೆ ಏನು ಮಾಡಿದ್ರು?’ ಎಂದು ಕೇಳಿ. ನೆನಪು ಆಗ ಕದಲುತ್ತದೆ. ಕಂಡವರು ಯಾರು, ಕೇಳಿದ್ದನ್ನು ಹೇಳುತ್ತಿರುವವರು ಯಾರು ಎಂಬುದೂ ತಿಳಿಯುತ್ತದೆ.

ಈಗ ಶಿವಮೊಗ್ಗ ಸುಬ್ಬಣ್ಣನವರ ಸಂಜೆಗೆ ತಯಾರಿ ನಡೆದಿದೆ. ಅವರು ನಮ್ಮ ತಾಲ್ಲೂಕಿನ ನಗರ ಎಂಬ ಊರಿನವರು, ‘ಕಾಡು ಕುದುರೆ’ಯ ಹಾಡಿನಿಂದ ಕನ್ನಡಕ್ಕೆ ಹಿನ್ನೆಲೆ ಗಾಯನದ ಮೊದಲ ರಾಷ್ಟ್ರಪ್ರಶಸ್ತಿ ತಂದವರು. ತೀರಿಕೊಂಡದ್ದು 2022ರ ಆಗಸ್ಟ್ 11ರಂದು. ಆಗಸ್ಟಿನ ಮಳೆಯಲ್ಲಿ ಇಲ್ಲಿ ಕರೆಂಟು ನಂಬುವಂತಿಲ್ಲ, ದೂರದವರು ಬರುವುದೂ ಕಷ್ಟ. ಅದಕ್ಕೇ ಅವರು ಹುಟ್ಟಿದ ದಿನ, ಡಿಸೆಂಬರ್ 14, ಗೊತ್ತುಮಾಡಿದ್ದೇವೆ. ಅಡಿಕೆ ಕೊಯ್ಲಿನ ಕಾಲ, ಹಾಗಾಗಿ ಕೆಲಸ ಮುಗಿಸಿ ಬರುವವರಿಗಾಗಿ ತಡವಾಗಿ ಶುರುಮಾಡುತ್ತೇವೆ. ಸಿನಿಮಾ ಹಾಡು ಸಲೀಸಾಗಿ ಸಿಗುತ್ತದೆ. ಹುಡುಕುತ್ತಿರುವುದು ಸಣ್ಣ ಊರುಗಳ ಸಭೆಗಳಲ್ಲಿ ಅವರು ಹಾಡಿದ ಭಾವಗೀತೆಗಳ ಧ್ವನಿಮುದ್ರಣ. ನಿಮ್ಮ ಮನೆಯಲ್ಲಿ ಅಂಥದ್ದೊಂದು ಕ್ಯಾಸೆಟ್ಟು ಇದ್ದರೆ, ಎಷ್ಟೇ ಹಾಳಾಗಿ ಕಂಡರೂ ಎಸೆಯಬೇಡಿ. ಒಮ್ಮೆ ಹಾಕಿ ನೋಡೋಣವೆಂದು ಪ್ಲೇಯರಿಗೂ ಹಾಕಬೇಡಿ.